ಮೈಕ್ ಇಲ್ಲದ ಕೊನೆಯ ಹಾಡು

"ನೀವು ಇಲ್ಲಿಗೆ ಹಾಡು ಕೇಳೋಕೆ ಬರ್ತೀರೋ… ಇಲ್ಲ, ನನ್ನನ್ನ ನೋಡೋಕೋ?"

ಅವಳು ಬೆಚ್ಚಿಬಿದ್ದಳು.

ಶೋ ಆಗತಾನೇ ಮುಗಿದಿತ್ತು. ಜನ ಇನ್ನೂ ಕೂಗುತ್ತಲೇ ಬಾಗಿಲ ಕಡೆ ಹೊರಟಿದ್ದರು. ಅವಳ ಮುಂದೆ ಮೊಣಕೈಗೆ ಕೇಬಲ್ ಸುತ್ತಿಕೊಳ್ಳುತ್ತಾ ನಿಂತಿದ್ದವನು ಹಾಡಿನ ತಂಡದ ಸೌಂಡ್ ಎಂಜಿನಿಯರ್. ಅಭಿಮಾನಿಗಳು ಪ್ರೀತಿಯಿಂದ ಅವನನ್ನು ಕರೆಯುವುದು 'ಸೌಂಡಪ್ಪ' ಎಂದು. ಹೆಸರು ಕೇಳಿ ಮುದುಕ ಅಂದುಕೊಳ್ಳಬೇಡಿ! ಮೂವತ್ತು ದಾಟಿ ಒಂದೆರಡು ವರ್ಷವಾಗಿತ್ತು ಅಷ್ಟೇ.

ಪಾಪ, ಈ ಒಂದು ಮಾತಿಗೆ ಎಷ್ಟು ದಿನದಿಂದ ಧೈರ್ಯ ಒಟ್ಟುಮಾಡಿದ್ದನೋ… ಕಿವಿ ಎರಡೂ ಕೆಂಪಾಗಿದ್ದವು.

"ಏನಂದ್ರಿ?" ಎಂದಳು ಅವಳು.

"ತಪ್ಪು ತಿಳ್ಕೋಬೇಡಿ. ಎಷ್ಟೋ ವರ್ಷದಿಂದ ನೋಡ್ತಿದ್ದೀನಿ. ಅದೇ ಎಡಗಡೆ ಕಂಬಿ ಹಿಡ್ಕೊಂಡು ನಿಲ್ತೀರ. ಎಲ್ಲರ ಮುಖ ವೇದಿಕೆ ಕಡೆ ಇದ್ರೆ, ನಿಮ್ಮದು ಮಾತ್ರ ನನ್ನ ಕಡೆ. ಅದಕ್ಕೇ ನಾನು…"

ಅದಕ್ಕೇ ಏನು ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲವೂ ಮುಖದಲ್ಲೇ ಕಾಣುತ್ತಿತ್ತು.

ಅಯ್ಯೋ ದೇವರೇ! ಅವಳಿಗೆ ನಿಂತಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಯಾರಿಗೂ ಗೊತ್ತಾಗದಂತೆ ಕಾಪಾಡಿಕೊಂಡು ಬಂದಿದ್ದ ಸಂಗತಿಯನ್ನು ಈಗ ಬಾಯಿಬಿಟ್ಟು ಹೇಳಬೇಕಾಯಿತಲ್ಲ! ನಾಚಿಕೆಯ ಜೊತೆಗೆ ಸಿಟ್ಟೂ ಬಂತು.

"ನನಗೆ ಬಲಗಿವಿ ಕೇಳಿಸಲ್ಲ ರೀ! ಚಿಕ್ಕವಳಿದ್ದಾಗ ಜ್ವರದಲ್ಲಿ ಹೋಯ್ತು. ಎಡಗಿವಿನ ವೇದಿಕೆ ಕಡೆ ಕೊಟ್ಟು ನಿಂತ್ರೆ, ಮುಖ ತಾನಾಗೇ ಹಾಲ್ ಮಧ್ಯಕ್ಕೆ ತಿರುಗುತ್ತೆ. ಅಲ್ಲಿ ನಿಮ್ಮ ಸೌಂಡ್ ಮೇಜು ಇರುತ್ತೆ. ಅಷ್ಟೇ! ಅಲ್ಲಿ ಒಂದು ಕಪಾಟು ಇಟ್ಟಿದ್ರೂ ಅದನ್ನೇ ನೋಡ್ತಿದ್ದೆ!"

ಅವನ ಕೈಯಲ್ಲಿ ಸುತ್ತುತ್ತಿದ್ದ ಕೇಬಲ್ ನಿಂತಿತು.

"ಕಪಾಟು…" ಎಂದ, ತನಗೆ ತಾನೇ. ಆಮೇಲೆ ತಲೆ ತಗ್ಗಿಸಿದ. "ಕ್ಷಮಿಸಿ. ನಂದೇ ತಪ್ಪು. ಇನ್ಮೇಲೆ ನಿಮಗೆ ಈ ತೊಂದರೆ ಇರಲ್ಲ."

ಅರ್ಧ ಸುತ್ತಿದ ಕೇಬಲನ್ನು ನೆಲದ ಮೇಲೆ ಎಳೆದುಕೊಂಡೇ ಹೊರಟುಹೋದ.

*

"ಏನೇ ಇದು?"

ಅತ್ತಿಗೆ ಹೊಸ ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಅತ್ತಿಗೆ, ನಾದಿನಿ ಇಬ್ಬರೂ ಸೇರಿ ನಡೆಸುವ ಪರದೆ ಅಂಗಡಿ ಅದು. ಬಟ್ಟೆಯ ಮೇಲಿನ ಹೂವುಗಳೆಲ್ಲ ತಲೆಕೆಳಗಾಗಿ ನೇತಾಡುತ್ತಿದ್ದವು!

"ಅಯ್ಯೋ… ನೇತುಹಾಕೋ ಬಳೆಗಳನ್ನ ಕೆಳಗಿನ ಅಂಚಿಗೆ ಹಾಕಿಬಿಟ್ಟಿದ್ದೀನಿ."

"ಈ ವಾರದಲ್ಲಿ ಎರಡನೇದು. ಬಾ, ಕೂತ್ಕೋ. ಬಿಚ್ಚೋಣ. ಏನಾಯ್ತು ಹೇಳು."

ಹೊಲಿಗೆ ಬಿಚ್ಚುತ್ತಾ ಅವಳು ಎಲ್ಲ ಹೇಳಿದಳು. ಅತ್ತಿಗೆ ಕಪಾಟಿನ ಮಾತಿಗೆ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಸುಮ್ಮನೆ ಕೇಳುವವಳಂತೆ ಕೇಳಿದಳು.

"ಹೌದು, ಹೋದ ಶೋನಲ್ಲಿ ದೊಡ್ಡಕ್ಕ ಯಾವ ಬಣ್ಣದ ಬಟ್ಟೆ ಹಾಕಿದ್ರು?"

ದೊಡ್ಡಕ್ಕ ಅಂದರೆ ತಂಡದ ಗಾಯಕಿ. ಐವತ್ತು ದಾಟಿದವಳು. ಬಾಯಿ ತೆರೆದರೆ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ.

"ಬಟ್ಟೆನಾ? ಕಪ್ಪು… ಇರಬೇಕು. ಗೊತ್ತಿಲ್ಲ ಅತ್ತಿಗೆ."

"ಸರಿ. ನಿನ್ನ ಕಪಾಟು ಏನು ಹಾಕಿತ್ತು?"

"ನೀಲಿ ಶರ್ಟು. ಎಡತೋಳಿನ ಗುಂಡಿ ಕಿತ್ತೋಗಿತ್ತು, ಅದಕ್ಕೇ ತೋಳು ಮಡಚಿದ್ರು. ಕಾಲರಿನ ಹೊಲಿಗೆನೂ…"

ಅವಳ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

"ಮುಂದೆ ಹೇಳಮ್ಮ!" ಅತ್ತಿಗೆ ಕೆಣಕಿದಳು. "ಕಾಲರಿನ ಹೊಲಿಗೆ ಏನಾಗಿತ್ತು?"

ಅವಳು ಕತ್ತರಿ ಕೆಳಗಿಟ್ಟಳು. ಇಷ್ಟು ವರ್ಷ ತಾನು ನೋಡಿದ್ದಾದರೂ ಏನು? ಡ್ರಮ್ ಗುಡುಗುವ ಒಂದು ಕ್ಷಣ ಮೊದಲು ಅವನ ಗಲ್ಲ ಮೇಲೇಳುತ್ತಿತ್ತು. ಗಿಟಾರ್ ಸಿಡಿಯುವ ಮುಂಚೆ ಅವನ ಬೆರಳುಗಳು ಗುಂಡಿಗಳ ಮೇಲೆ ತೇಲಿ ನಿಲ್ಲುತ್ತಿದ್ದವು. ಆ ಬೆರಳು ಇಳಿದದ್ದೇ ತಡ, ಇಡೀ ಹಾಲ್ ನಡುಗಿ, ನೆಲದಿಂದ ಅವಳ ಮೊಣಕಾಲಿಗೆ, ಅಲ್ಲಿಂದ ಎದೆಗೆ ಆ ಸದ್ದು ಏರಿ ಬರುತ್ತಿತ್ತು! ಪ್ರತಿ ಹಾಡೂ ಮೊದಲು ಅವನ ಮುಖದಲ್ಲಿ ಹುಟ್ಟಿ, ಆಮೇಲೆ ಅವಳ ಕಿವಿಗೆ ಬರುತ್ತಿತ್ತು.

ಮತ್ತೆ ಆ ಕೊನೆಯ ಹಾಡು…

ಅದು ತಂಡದ ಹಳೆಯ ಪದ್ಧತಿ. ಕೊನೆಯ ಹಾಡಿಗೆ ಸ್ಪೀಕರುಗಳೆಲ್ಲ ಬಂದ್. ದೊಡ್ಡಕ್ಕ ಮೈಕನ್ನು ನೆಲದ ಮೇಲಿಟ್ಟು ಬರಿಯ ಗಂಟಲಲ್ಲಿ ಹಾಡುತ್ತಾಳೆ. ಅಷ್ಟೊಂದು ಜನರಲ್ಲಿ ಒಬ್ಬರೂ ಕೆಮ್ಮುವುದಿಲ್ಲ. ಕೇಳಿದವರೆಲ್ಲ ಕಣ್ಣೊರೆಸಿಕೊಂಡು ಹೊರಗೆ ಬರುತ್ತಾರೆ.

ಅವಳು ಮಾತ್ರ ಅದನ್ನು ಒಮ್ಮೆಯೂ ಕೇಳಿಲ್ಲ! ಅಷ್ಟು ದೂರದ ಬರಿದನಿ, ಸ್ವಲ್ಪ ಮಂದವೇ ಆದ ಅವಳ ಒಂಟಿ ಕಿವಿಗೆ ಎಟುಕುವುದೇ ಇಲ್ಲ. ಆ ಹೊತ್ತಿನಲ್ಲಿ ಕೆಲಸವಿಲ್ಲದ ಅವನು ಹೆಡ್‌ಫೋನ್ ತೆಗೆದು, ಕೈಕಟ್ಟಿ, ಅವಳನ್ನೇ ನೋಡುತ್ತಿದ್ದ. ಅವಳು ಆ ಹಾಡನ್ನು ಅವನ ಕಣ್ಣಿನಲ್ಲಿ ನೋಡುತ್ತಿದ್ದಳು.

"ಅತ್ತಿಗೆ… ನಾನು ಅವರಿಗೆ ಸುಳ್ಳು ಹೇಳಿಬಿಟ್ಟೆ."

"ಅದನ್ನ ನನ್ನ ಹತ್ರ ಹೇಳಿದ್ರೆ ಏನು ಬಂತು? ಹೋಗಿ ಅವನಿಗೆ ಹೇಳು!"

*

ಮುಂದಿನ ಶೋ. ಅವಳು ಎಲ್ಲರಿಗಿಂತ ಮೊದಲೇ ಹೋಗಿ ತನ್ನ ಕಂಬಿ ಹಿಡಿದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

ಹಾಲಿನ ಮಧ್ಯಕ್ಕೆ ತಿರುಗಿದಳು.

ಮೇಜು ಇರಲಿಲ್ಲ!

ಅದೇ ಜಾಗದಲ್ಲಿ ಯಾರ್ಯಾರೋ ನಿಂತು ಹರಟುತ್ತಿದ್ದರು. ಎಷ್ಟೋ ವರ್ಷಗಳಿಂದ ಟಿಕೆಟ್ ಹರಿಯುವ ಹಿರಿಯರ ಹತ್ತಿರ ಓಡಿದಳು. ಎಲ್ಲರಿಗೂ ಅವರು ಬಾಗಿಲಣ್ಣ.

"ಅಣ್ಣಾ, ಸೌಂಡ್ ಮೇಜು ಎಲ್ಲಿ?"

"ಮೇಲೆ, ಬಾಲ್ಕನಿಯಲ್ಲಿ. ಮಧ್ಯದಲ್ಲಿದ್ರೆ ಯಾರಿಗೋ ತೊಂದ್ರೆ ಅಂತ ಸೌಂಡಪ್ಪನೇ ಎತ್ತಿಸಿಬಿಟ್ಟ. ಇವತ್ತು ಅವನದ್ದು ಕೊನೆ ಶೋ ಅಂತೆ ಕಣಮ್ಮ. ಬೇರೆ ತಂಡದವರು ಕರೀತಿದ್ದಾರಂತೆ, ಶೋ ಮುಗಿದ ಮೇಲೆ ಒಪ್ಕೋತೀನಿ ಅಂತಿದ್ದ. ತಲೆ ಕೆಟ್ಟಿದೆ ಅವನಿಗೆ!"

ಅವಳು ಏನೋ ಹೇಳಬೇಕೆನ್ನುವಷ್ಟರಲ್ಲಿ ದೀಪಗಳು ಆರಿದವು. ಬಾಗಿಲಣ್ಣ ಬಾಲ್ಕನಿಯ ಮೆಟ್ಟಿಲಿಗೆ ಹಗ್ಗ ಬಿಗಿದು, ಜನ ಸಂಭಾಳಿಸಲು ಹೊರಟುಹೋದರು.

ಡ್ರಮ್ ಗುಡುಗಿತು. ಸಾವಿರಾರು ಕೈಗಳು ಒಮ್ಮೆಲೇ ಮೇಲೆದ್ದವು. ದೊಡ್ಡಕ್ಕನ ದನಿ ಕತ್ತಲನ್ನು ಸೀಳಿಕೊಂಡು ಬಂತು. ಅಬ್ಬಾ, ಎಂಥ ದನಿ ಅದು! ಜನ ಒಂದೇ ಗಂಟಲಾಗಿ ಹಾಡಿದರು. ಮುಂದಿದ್ದ ಮುದುಕರೊಬ್ಬರು ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದರು.

ಆದರೆ ಕಂಬಿಗೆ ಮರಳಿದ ಅವಳಿಗೆ ಹಾಡಿನ ದಾರಿಯೇ ಸಿಗಲಿಲ್ಲ. ಹಾಡು ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಹೇಳುವ ಮುಖ ಎದುರಿಗಿರಲಿಲ್ಲ. ಪ್ರತಿ ಪೆಟ್ಟಿಗೂ ಬೆಚ್ಚಿದಳು. ಇಷ್ಟು ಜನರ ನಡುವೆ ಅವಳು ಒಂಟಿಯಾಗಿದ್ದಳು.

'ಇದು ಮುಗಿದರೆ ಅವರು ಹೋಗಿಬಿಡ್ತಾರೆ. ನನ್ನ ಒಂದು ಕೆಟ್ಟ ಮಾತಿಗೆ!'

ಕೊನೆಗೂ ಕಂಬಿ ಬಿಟ್ಟು, ಜನರನ್ನು ತಳ್ಳಿಕೊಂಡು ಮೆಟ್ಟಿಲ ಹತ್ತಿರ ಬಂದಳು. ಬಾಗಿಲಣ್ಣ ಆಗಷ್ಟೇ ಅಲ್ಲಿಗೆ ಮರಳಿದ್ದರು.

"ನಿಂದು ಕೆಳಗಿನ ಟಿಕೆಟ್ಟಲ್ವಾ ತಾಯಿ?"

"ಅಣ್ಣಾ… ಆ ತೊಂದ್ರೆ ನಾನೇ. ದಮ್ಮಯ್ಯ, ಬಿಡಿ!"

ಬಾಗಿಲಣ್ಣ ಅವಳ ಮುಖ ನೋಡಿದರು. ಏನು ಅರ್ಥವಾಯಿತೋ, ಹಗ್ಗ ಎತ್ತಿ ಹಿಡಿದರು. "ಬೇಗ ಹೋಗು. ಕೊನೆ ಹಾಡು ಶುರುವಾಗ್ತಿದೆ."

ಅವಳು ಮೇಲೆ ತಲುಪಿದಾಗ ಅವನು ಒಂದೊಂದೇ ಗುಂಡಿ ಇಳಿಸುತ್ತಿದ್ದ. ಸ್ಪೀಕರುಗಳು ಸುಮ್ಮನಾದವು. ಕೆಳಗೆ ದೊಡ್ಡಕ್ಕ ಬಗ್ಗಿ ಮೈಕನ್ನು ನೆಲದ ಮೇಲಿಟ್ಟಳು. ಇಡೀ ಹಾಲ್ ಉಸಿರು ಹಿಡಿಯಿತು.

ಅವನು ಹೆಡ್‌ಫೋನ್ ತೆಗೆದ. ಅಭ್ಯಾಸಬಲದಿಂದ ಎಡಗಡೆಯ ಕಂಬಿಯ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅವನ ಹೆಗಲು ಕುಸಿಯಿತು.

"ಇಲ್ಲಿದ್ದೀನಿ."

ಅವನು ಕುರ್ಚಿಯಲ್ಲೇ ಗಕ್ಕನೆ ತಿರುಗಿದ. ಅವಳು ಅವನ ಬಲಕ್ಕೆ ಬಂದು ಮಂಡಿಯೂರಿ ಕುಳಿತಳು. ಏದುಸಿರು ಬರುತ್ತಿತ್ತು. ಬಾಯಿಪಾಠ ಮಾಡಿದ್ದೆಲ್ಲ ಮರೆತೇಹೋಗಿತ್ತು.

"ಸುಳ್ಳು ಹೇಳಿದೆ ರೀ," ಎಂದಳು ಪಿಸುದನಿಯಲ್ಲಿ. "ಮೊದಮೊದಲು ಕಿವಿಗೋಸ್ಕರ ತಿರುಗಿದ್ದು ನಿಜ. ಆಮೇಲೆ ತಿರುಗಿದ್ದು ನಿಮಗೋಸ್ಕರ. ನನಗೇ ಗೊತ್ತಿರಲಿಲ್ಲ. ನಿಮ್ಮ ಯೋಚನೇಲಿ ಪರದೆ ಎಲ್ಲ ತಲೆಕೆಳಗಾಗಿ ಹೊಲೀತಿದ್ದೀನಿ… ಈ ಹಾಡು ನನಗೆ ಯಾವತ್ತೂ ಕೇಳಿಸಿಲ್ಲ. ನಿಮ್ಮ ಮುಖದಲ್ಲಿ ಮಾತ್ರ ನೋಡಿದ್ದೀನಿ."

"ಕೇಳಿಸಿಲ್ವಾ?" ಅವನ ಕಣ್ಣು ತುಂಬಿತು. "ಇಷ್ಟು ವರ್ಷ… ಒಂದು ಸಲಾನೂ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ತನ್ನ ಎಡಗಿವಿಯನ್ನು ಅವನ ತುಟಿಯ ಹತ್ತಿರ ತಂದಳು.

ಹಾಗೆ ಕೂತಾಗ ಅವಳ ಮುಖ ಮೊದಲ ಬಾರಿಗೆ ನೇರ ವೇದಿಕೆಯತ್ತ ತಿರುಗಿತ್ತು! ಓಹ್… ದೊಡ್ಡಕ್ಕ ಬರಿಗಾಲಲ್ಲಿ ನಿಂತಿದ್ದಳು. ಕಪ್ಪಲ್ಲ, ಹಸಿರು ಬಟ್ಟೆ. ಒಂದೇ ಒಂದು ದೀಪ. ಡ್ರಮ್ ಬಾರಿಸುವವನೂ ಕೈ ಜೋಡಿಸಿ ಕೂತಿದ್ದ. ಅಷ್ಟು ಜನರ ಮುಂದೆ ಒಬ್ಬಳು ಹೆಂಗಸು ಬರಿಯ ಉಸಿರಿನಲ್ಲಿ ಹಾಡುತ್ತಿದ್ದಳು.

ದೊಡ್ಡಕ್ಕನ ತುಟಿ ಅಲ್ಲಿ ಆಡಿದಂತೆ, ಅವನು ಅವಳ ಕಿವಿಯಲ್ಲಿ ಪಿಸುಗುಟ್ಟಿದ.

"ದೀಪ ಆರಿಸಬೇಡ, ನಾನಿನ್ನೂ ದಾರಿಯಲ್ಲಿದ್ದೇನೆ…"

ಅವಳ ಕೆನ್ನೆಯ ಮೇಲೆ ನೀರು ಇಳಿಯಿತು.

"ಕದ ಹಾಕಬೇಡ, ನನ್ನ ದನಿ ಮೊದಲು ಬರುತ್ತದೆ…"

ದೊಡ್ಡಕ್ಕ ಹಾಡು ಮುಗಿಸಿ ಬಾಯಿ ಮುಚ್ಚಿದಳು. ಹಾಲ್ ಇನ್ನೂ ಮೌನವಾಗಿತ್ತು. ಆದರೂ ಕಿವಿಯಲ್ಲಿ ಪಿಸುದನಿ ನಿಂತಿರಲಿಲ್ಲ.

"ನಾನು ಎಲ್ಲೂ ಹೋಗಲ್ಲ. ನಾಳೆ ಆ ಮೇಜನ್ನ ಕೆಳಗಿಳಿಸ್ತೀನಿ."

ಅವಳು ಕಣ್ಣೀರಲ್ಲೇ ನಕ್ಕಳು. "ಇದೂ ಹಾಡಲ್ಲಿದೆಯಾ?"

"ಇಲ್ಲ. ಇದು ಕಪಾಟು ಹೇಳಿದ್ದು."