ಬಾಯ್ಲರ್ ಒಳಗಿನ ಉತ್ತರ

ಬಿರುಗಾಳಿ, ಅದರ ಬೆನ್ನಿಗೇ ಬಂದರಿನ ಕೂಲಿಗಳ ಮುಷ್ಕರ. ನಮ್ಮ ಪ್ರಯಾಣಿಕರ ಹಡಗು ವಾರಗಟ್ಟಲೆ ದಡದಲ್ಲೇ ನಿಂತಿತ್ತು. ಬಾಯ್ಲರ್‌ಗಳ ಹೊಣೆ ನನ್ನದು. ಬಿಡುವು ಸಿಕ್ಕಿತೆಂದು ಒಂದರ ಬೆಂಕಿ ಆರಿಸಿ, ಒಳಗಿನ ಮಸಿ ಕೆರೆಸಿದ್ದೆ. ಒಂದು ಮಧ್ಯಾಹ್ನ ಹೊರಡುವ ಅಪ್ಪಣೆ ಬಂತು.

ಬಾಗಿಲು ಮುಚ್ಚುವ ಮೊದಲು ಸುತ್ತಿಗೆಯಿಂದ ತಟ್ಟಿ, ಒಳಗೆ ಯಾರೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ನಮ್ಮ ಪದ್ಧತಿ. ಫಿಟ್ಟರ್ ತಟ್ಟಿದ. ಒಳಗಿನಿಂದ ಯಾರೋ ತಿರುಗಿ ತಟ್ಟಿದರು.

"ನಿಮ್ ಮಾವ ಏನಾದ್ರೂ ಒಳಗಿದಾರಾ ಸಾರ್?" ಎಂದು ಅವನು ನಕ್ಕ. ಕೆಲಸದವರೆಲ್ಲ ನಮ್ಮೆದುರಿಗೇ ನಿಂತಿದ್ದರು.

ಕಬ್ಬಿಣ ತಣಿಯುವಾಗ ಸದ್ದು ಮಾಡುತ್ತದೆ, ನಿಜ. ಆದರೆ ಇದು ಎಂದೋ ತಣಿದಿತ್ತು. ಟಾರ್ಚ್ ಹಿಡಿದು ನಾನೇ ಒಳಗೆ ತೆವಳಿದೆ. ಯಾರೂ ಇರಲಿಲ್ಲ. ಕೊನೆಯ ಗೋಡೆಯಲ್ಲಿ ಅಂಗೈಯಗಲದ ಜಾಗ ಮಾತ್ರ ಬೆಚ್ಚಗಿತ್ತು. ಹೊರಬಂದು ತಟ್ಟಿದೆ. ಮತ್ತೆ ಉತ್ತರ ಬಂತು.

ಕ್ಯಾಪ್ಟನ್ ಸಿಡುಕಿದರು. "ಬೆಂಕಿ ಹಚ್ತೀರೋ ಇಲ್ವೋ?"

"ಒಳಗೆ ಯಾರೋ ಇದ್ದಾರೆ ಸಾರ್. ಸುಟ್ಟುಹೋಗ್ತಾರೆ."

"ನೀವೇ ನೋಡ್ಕೊಂಡು ಬಂದ್ರಲ್ರೀ!"

"ಹೌದು. ಯಾರೂ ಇಲ್ಲ."

ನಾನು ಹಚ್ಚಲಿಲ್ಲ. ಉಳಿದ ಬಾಯ್ಲರ್‌ಗಳ ಬಲದಲ್ಲೇ ಹೊರಡಲು ಅವರನ್ನು ಹೇಗೋ ಒಪ್ಪಿಸಿದೆ. ಹಗ್ಗ ಬಿಚ್ಚುವ ಮುಂಚೆ ಫಿಟ್ಟರ್ ತೆರೆದ ಬಾಗಿಲಿಗೆ ಬಗ್ಗಿ, ಈ ಸಲ ನಗದೆ, "ಇಳಿಯೋದಾದ್ರೆ ಈಗ್ಲೇ ಇಳ್ಕೊಳ್ಳಿ, ಹೊರಡ್ತಾ ಇದ್ದೀವಿ" ಎಂದ.

ನಡುಗಡಲಿನಲ್ಲಿ ನಾನು ತಟ್ಟಿ ನೋಡಿದೆ, ಉತ್ತರ ಬರಲಿಲ್ಲ. ಒಳಹೊಕ್ಕು ಮುಟ್ಟಿದೆ, ಗೋಡೆಯ ಆ ಜಾಗವೂ ತಣ್ಣಗಾಗಿತ್ತು.