ಅಜ್ಜಿಯ ಕಂಬಳಿ ಹರಕೆ

ಒಂದೂರಲ್ಲಿ ಕುರಿ ಕಾಯುವ ಅಜ್ಜಿಯೊಬ್ಬಳಿದ್ದಳು. ಊರು ಯಲ್ಲದಕೆರೆ, ಅಜ್ಜಿ ನನ್ನವಳೇ. ಸೊಂಟದ ಕೀಲು ಬದಲಿಸಿದಾಗ, ಊರುಗೋಲಿಲ್ಲದೆ ಗುಡ್ಡ ಹತ್ತಿ ಬೀರದೇವರ ಮುಂದೆ ಕಂಬಳಿ ಹಾಸುತ್ತೇನೆಂದು ಹರಕೆ ಹೊತ್ತಿದ್ದಳು. ಕೀಲು ಸಡಿಲವಾದೀತೆಂಬ ಹೆದರಿಕೆಯಲ್ಲೇ ಹದಿನೈದು ವರ್ಷ ಕಳೆದವು. ಮೊನ್ನೆ ಎಕ್ಸ್‌ರೇ ನೋಡಿದ ಡಾಕ್ಟರು, "ಗಟ್ಟಿ ಐತೆ, ಹತ್ರಿ ಅಜ್ಜಿ" ಎಂದರು.

ಊರುಗೋಲನ್ನು ಮನೆಯಲ್ಲೇ ಬಿಟ್ಟು ಮಟಮಟ ಮಧ್ಯಾಹ್ನ ಹೊರಟೆವು. ಆದರೂ ನಮ್ಮ ಹಿಂದೆ ಕಲ್ಲಿಗೆ ಊರುಗೋಲು ಕುಟ್ಟುವ ಸದ್ದು; ನಾವು ನಿಂತರೆ ಇನ್ನೊಂದು ಸಲ ಕುಟ್ಟಿ ನಿಲ್ಲುತ್ತಿತ್ತು.

"ಅಜ್ಜಿ, ಹಿಂದೆ ಯಾರೋ ಅವ್ರೆ."

"ಇರ್ಲಿ ಬಿಡೇ, ನನ್ ಸೊಂಟ ನೋಯ್ತಿಲ್ಲ, ಅಷ್ಟು ಸಾಕು. ನೀನು ಎಡವಬ್ಯಾಡ, ಇನ್ನೊಂದು ಕೀಲು ಹಾಕ್ಸಾಕೆ ನನ್ ಕೈಲಾಗಲ್ಲ."

ಗುಡಿಯ ಮುಂದಿನ ಧೂಳಿನಲ್ಲಿ ನಮ್ಮ ಹೆಜ್ಜೆಗಳ ಪಕ್ಕ ಊರುಗೋಲಿನ ಗುರುತುಗಳಿದ್ದವು. ಅಜ್ಜಿ ತಿರುಗಿ ನೋಡಲಿಲ್ಲ. ನಿರಾಳವಾಗಿ ಉಸಿರುಬಿಟ್ಟು ಕಂಬಳಿ ಹಾಸಿದಳು.