ಜೇವರ್ಗಿಯ ನೀಲಿ ನೂಲು

ಬಸವಂತರಾಯರು ಅಫಜಲಪುರದ ಶಾಲೆಯ ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ ಭೀಮಾ ನದಿಯ ಅಂಬಿಗ ಓಡಿಬಂದ. ಅವನ ಧೋತರದ ಅಂಚಿನಿಂದ ಇನ್ನೂ ನೀರು ಇಳಿಯುತ್ತಿತ್ತು.

"ಸೈಕಲ್ ಮಾಸ್ತರು ಸಿಕ್ಕಾರ್ರಿ," ಎಂದ. "ಹೊಳಿ ಆಚಿ, ಜ್ವಾಳದ ಹೊಲದಾಗ. ಜೀವ ಇಲ್ರಿ. ಹಿಂದಿನಿಂದ ತಲಿಗಿ ಹೊಡದಾರ."

ಅದು ನಲವತ್ತೆಂಟರ ಡಿಸೆಂಬರ್. ಸೆಪ್ಟೆಂಬರಿನಲ್ಲಿ ದಂಡು ಬಂದು ನಿಜಾಮನ ಆಳಿಕೆ ಮುಗಿದಿತ್ತು. ಅದಕ್ಕೆ ಮುಂಚೆ ರಜಾಕಾರರು ಊರು ಸುಟ್ಟಿದ್ದರು. ಆಮೇಲೆ ಆ ಸಿಟ್ಟು ಏನೂ ಮಾಡದ ಮುಸಲ್ಮಾನರ ಮನೆಗಳ ಮೇಲೂ ತಿರುಗಿತ್ತು. ಇಂಥ ವರ್ಷದಲ್ಲೂ ನಮ್ಮ ಆಳಂದದ ಸೈಕಲ್ ಮಂಡಳಿಯ ದೂರದ ಸವಾರಿ ನಿಲ್ಲಬಾರದೆಂದು ಹಟ ಹಿಡಿದವನು ವ್ಯಂಕಟೇಶ ಮಾಸ್ತರ. ಈಗ ಹೆಣವಾಗಿ ಬಿದ್ದವನೂ ಅವನೇ.

ನಮ್ಮದು ಪಂದ್ಯವಲ್ಲ. ಮೊದಲ ದಿನ ಆಳಂದದಿಂದ ಅಫಜಲಪುರ, ಮರುದಿನ ಹರಿಗೋಲಿನಲ್ಲಿ ಭೀಮಾ ದಾಟಿ ಜೇವರ್ಗಿ ಮುಟ್ಟಿ ತಿರುಗಿ ಅಫಜಲಪುರ, ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಆಳಂದ. ಮುಟ್ಟಿದವರೆಲ್ಲ ಗೆದ್ದವರೇ. ಮುಕ್ಕಾಮು ಮುಕ್ಕಾಮಿಗೆ ಒಂದು ಮೊಳ ಉಣ್ಣೆ ನೂಲು ಸಿಗುತ್ತದೆ. ಅದನ್ನು ಹ್ಯಾಂಡಲಿಗೆ ಸುತ್ತಿ, ಗಂಟು ಹಾಕಿ, ಗಂಟಿಗೆ ನೀರು ಹಚ್ಚಬೇಕು. ಒಣಗಿದ ಮೇಲೆ ಆ ಗಂಟು ಉಗುರಿಗೆ ಬಿಚ್ಚುವುದಿಲ್ಲ. ನೂಲಿನ ಬಣ್ಣ ಯಾವುದೆಂಬುದು ಅಲ್ಲಿಗೆ ಹೋದವನಿಗಷ್ಟೇ ಗೊತ್ತು. ಅಫಜಲಪುರದ್ದು ಈ ಸಲ ಕೆಂಪು.

ಜೇವರ್ಗಿಯ ಮುಕ್ಕಾಮು ಕರೀಮಸಾಬನ ಚಹಾದಂಗಡಿ. ವರ್ಷವರ್ಷವೂ ಅಂಗಡಿ ಮುಂದಿನ ಬೇವಿನ ಟೊಂಗೆಗೆ ಅವನೇ ನೂಲು ಇಳಿಬಿಡುತ್ತಿದ್ದ. ಸೆಪ್ಟೆಂಬರಿನ ಗದ್ದಲದಲ್ಲಿ ಅವನನ್ನು ಕೊಂದು ಅಂಗಡಿಗೆ ಬೆಂಕಿ ಇಟ್ಟಿದ್ದರು. ಯಾರು ಎಂದು ಯಾರೂ ಕೇಳಿರಲಿಲ್ಲ. ಹಾಗಾಗಿ ಈ ಸಲ ಕಂಬಳಿ ನೇಯುವ ಬೀರಣ್ಣ ಮುಂಚಿತವಾಗಿ ಹೋಗಿ ಮೂರು ನೂಲು ಕಟ್ಟಿ, ಅಲ್ಲೇ ಮಗಳ ಮನೆಯಲ್ಲಿ ಉಳಿದಿದ್ದ. ಮೂರೇ ನೂಲು, ಏಕೆಂದರೆ ಸವಾರರು ಮೂವರೇ: ವ್ಯಂಕಟೇಶ, ಮಂಡಳಿಯ ಅಧ್ಯಕ್ಷ ಪಾಂಡುರಂಗ ವಕೀಲ, ಆಳಂದದ ದರ್ಜಿ ಬಂದೇನವಾಜ. ಮೊದಲೆಲ್ಲ ಓಣಿ ತುಂಬ ಸೈಕಲ್ಲು ನಿಲ್ಲುತ್ತಿದ್ದವು.

ಮಂಡಳಿಗೆ ಇನ್ನೊಂದು ನೇಮವಿತ್ತು. ದಾರಿಯಲ್ಲಿ ಚೈನು ಬಿದ್ದು ನಿಂತವನನ್ನು ಬಿಟ್ಟು ಮುಂದೆ ಹೋಗಬಾರದು. ಹಗೆಯವನಾದರೂ ಸರಿ, ಇಳಿದು ಅವನ ಚೈನು ಏರಿಸಿಯೇ ಹೋಗಬೇಕು.

ನಾನು ರೇವಣಪ್ಪ, ಆಳಂದದಲ್ಲಿ ಸೈಕಲ್ ಅಂಗಡಿ ಇಟ್ಟವನು, ನಾಲ್ಕು ಮಕ್ಕಳ ತಂದೆ. ಅಫಜಲಪುರದ ಮುಕ್ಕಾಮು ನನ್ನದೂ ರಾಯರದೂ. ಬಸವಂತರಾಯರು ಅದಾಲತ್ತಿನಲ್ಲಿ ಕಾಗದಪತ್ರ ನೋಡುವ ಪೇಶಕಾರರಾಗಿ ಮುದುಕರಾದವರು. ನ್ಯಾಯಾಧೀಶರ ಕಾಲಡಿ ಕೂತು ಅಷ್ಟು ವರ್ಷ ಸುಳ್ಳು ಕೇಳಿದವರು. ಆಳಂದದಲ್ಲಿ ಏನೇ ಕಳೆದರೂ, ಯಾರೇ ಸತ್ತರೂ ಜನ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ಅವರ ಕಾಲು ಪೆಡಲ್ ತುಳಿಯದು. ಹೋಗಬೇಕಾದಲ್ಲಿಗೆಲ್ಲ ನನ್ನ ಕ್ಯಾರಿಯರಿನ ಮೇಲೆ ಕೂತು, "ಸಾವಕಾಶ ಹೊಡಿಯೋ ಮಾರಾಯ, ನಾ ಹತ್ತಿ ಅಂಡಿಗಿ ಅಲ್ಲ," ಎಂದು ಬೈಯುತ್ತ ಬರುತ್ತಿದ್ದರು.

ಹಿಂದಿನ ಸಂಜೆ ಮೊದಲು ಬಂದೇನವಾಜ, ಅವನ ಹಿಂದೆ ಪಾಂಡುರಂಗ, ಇಬ್ಬರೂ ಜೇವರ್ಗಿಯ ನೀಲಿ ನೂಲು ಕಟ್ಟಿಕೊಂಡು ಮರಳಿದ್ದರು. ವ್ಯಂಕಟೇಶ ಕತ್ತಲಾಯಿತೆಂದು ಅಲ್ಲೇ ಉಳಿದಿರಬೇಕೆಂದುಕೊಂಡಿದ್ದೆವು. ಅಂಬಿಗನ ಮಾತು ಕೇಳಿದ್ದೇ ಊರು ಶಾಲೆಯ ಮುಂದೆ ಸೇರಿತು. ಯಾರೋ ಬಂದೇನವಾಜನ ಕೊರಳಪಟ್ಟಿ ಹಿಡಿದಿದ್ದರು.

"ಇವನೂ ಮಾಸ್ತರೂ ಒಂದೇ ಹರಿಗೋಲಿನಾಗ ದಾಟಿದ್ರು," ಎಂದ ಅಂಬಿಗ. "ವಕೀಲರು ಅವರ ಹಿಂದ. ತಿರುಗಿ ಬರುವಾಗ ಮಾಸ್ತರು ಇರಲಿಲ್ಲ. ಅವರ ಸೈಕಲ್ಲು ಜೇವರ್ಗಿ ಕಡಿ ಮುಖ ಮಾಡಿ ಬಿದ್ದದ. ಹ್ಯಾಂಡಲಿಗಿ ಕೆಂಪು ನೂಲ ಒಂದೇ ಅದರಿ."

ನೀಲಿ ನೂಲಿಲ್ಲ. ಅಂದರೆ ವ್ಯಂಕಟೇಶ ಜೇವರ್ಗಿ ಮುಟ್ಟುವ ಮೊದಲೇ ಸತ್ತ. ಆಗ ಜೊತೆಗಿದ್ದವನು ಬಂದೇನವಾಜ. ಜನ ಅಷ್ಟನ್ನು ಗಳಿಗೆಯಲ್ಲಿ ಲೆಕ್ಕ ಹಾಕಿದರು.

"ಇಬ್ಬರೂ ಕೂಡೇ ಜೇವರ್ಗಿ ಮುಟ್ಟೀವ್ರಿ!" ಬಂದೇನವಾಜನ ದನಿ ಒಡೆದಿತ್ತು. "ಕಿಟಕಿ ಸರಳಿಗಿ ನೀಲಿ ನೂಲ ಕಟ್ಟಿದ್ವು. ಒಂದೊಂದು ತಗೊಂಡಿವಿ. ಮಾಸ್ತರು, ನೀ ಮುಂದ ನಡಿ, ನನಗಿಲ್ಲಿ ಒಂದು ಮಾತು ಕೇಳೋದದ ಅಂದ್ರು. ನಾ ಬಂದೆ. ದಾರಿಯೊಳಗ ನನಗ ಯಾರೂ ಎದುರಾಗಿಲ್ರಿ."

ಪಾಂಡುರಂಗ ತಲೆ ಹಿಡಿದು ಕೂತಿದ್ದ. ಅತ್ತು ಕಣ್ಣು ಕೆಂಪಾಗಿದ್ದವು. "ಯಾರೂ ಎದುರಾಗಿಲ್ಲಂತ! ಅರ್ಧ ದಾರಿಯೊಳಗ ನಾ ಕೈ ಎತ್ತಿದ್ರ ತಲಿ ಕೆಳಗ ಹಾಕ್ಕೊಂಡು ಹೋದಿಯಲ್ಲೋ. ನಾ ಮುಟ್ಟಿದಾಗ ಬೇವಿನ ಟೊಂಗಿಗಿ ಎರಡು ನೂಲ ಇನ್ನೂ ತೂಗಾಡಾಕತ್ತಿದ್ವು. ವ್ಯಂಕಟೇಶ ಅಲ್ಲಿಗಿ ಬಂದೇ ಇಲ್ಲ."

"ಸುಳ್ಳ ಹೇಳಾಕೂ ಬರವಲ್ದು ಇವಗ, ಕಿಟಕಿಯಂತ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಇನ್ನೊಬ್ಬ, "ನಾಳಿ ಪೊಲೀಸ್ ಜೀಪು ಬರೂ ತನಕ ಯಾಕ ಕಾಯಬೇಕು?" ಎಂದ. ಹಾಗೆಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬಂದೇನವಾಜನಿಗೂ ಗೊತ್ತಿತ್ತು.

ರಾಯರು ನಶ್ಯ ಏರಿಸಿ ಎದ್ದರು. "ವಕೀಲರ, ಇವನ್ನ ಒಳಗ ಹಾಕಿ ಬಾಗಲದಾಗ ನೀವೇ ಕೂಡ್ರಿ. ನಿಮ್ಮ ಕಣ್ಣ ಮುಂದ ಇವಗ ಏನರ ಆದ್ರ ಜೀಪಿನವರು ಕೇಳೋದು ನಿಮ್ಮನ್ನ."

ಪಾಂಡುರಂಗ ತಲೆಯಾಡಿಸಿದ. ಹೊರಡುವ ಮುನ್ನ ರಾಯರು ಇಬ್ಬರ ಸೈಕಲ್ಲನ್ನೂ ಸವರಿ ನೋಡಿದರು. ಬಂದೇನವಾಜನ ನೀಲಿ ನೂಲು ಹ್ಯಾಂಡಲಿಗೆ ಮೂರು ಸುತ್ತು ಸುತ್ತಿ, ತುದಿಗಳು ಬೆರಳುದ್ದ ಜೋತಾಡುತ್ತಿದ್ದವು. ಪಾಂಡುರಂಗನದು ಒಂದೇ ಸುತ್ತು, ತುದಿ ಗಂಟಿನ ಬುಡಕ್ಕೇ ಮೊಂಡಾಗಿತ್ತು. ಅವನ ಸೈಕಲ್ಲಿಗೆ ಚೈನು ಮುಚ್ಚುವ ಡಬ್ಬಿಯೂ ಇರಲಿಲ್ಲ.

"ವಕೀಲರು ಜುಗ್ಗರು, ನೂಲಿನಾಗೂ ಉಳಿಸ್ಯಾರ," ಎಂದು ನಾನು ನಕ್ಕೆ. ರಾಯರು ನಗಲಿಲ್ಲ.

ಹೊಳೆಯಾಚೆ ವ್ಯಂಕಟೇಶ ಬೋರಲು ಬಿದ್ದಿದ್ದ. ಅಂಬಿಗ ತಲೆಯ ಮೇಲೆ ಟವೆಲ್ ಹೊದಿಸಿದ್ದ. ರಾಯರು ಅವನ ಕೈಗಳನ್ನು ತಿರುವಿ ನೋಡಿದರು. ಹತ್ತೂ ಬೆರಳಿಗೆ ಚೈನಿನ ಕರಿ ಮೆತ್ತಿತ್ತು. ಅವನ ಸೈಕಲ್ಲಿಗೆ ಚೈನನ್ನು ಪೂರಾ ಮುಚ್ಚುವ ತಗಡಿನ ಡಬ್ಬಿ. ಮುಚ್ಚಳಕ್ಕೆ ಕೈ ತಾಗಿದ ಗುರುತೂ ಇರಲಿಲ್ಲ. ಬಂದೇನವಾಜನದೂ ಅಂಥದೇ ಡಬ್ಬಿಯ ಸೈಕಲ್ಲು. ನನ್ನ ಅಂಗಡಿಯಿಂದಲೇ ಇಬ್ಬರೂ ಕೊಂಡದ್ದು. ವ್ಯಂಕಟೇಶನ ಸೈಕಲ್ ಗಂಟೆಯ ಬುಡದಲ್ಲಿ ಸಿಕ್ಕಿಕೊಂಡದ್ದೊಂದನ್ನು ರಾಯರು ಉಗುರಿನಿಂದ ಕಿತ್ತರು. ನೀಲಿ ಉಣ್ಣೆಯ ಎಳೆ.

"ಬಂದೇನವಾಜನ ನೂಲು ತಾಗಿರಬೇಕು," ಎಂದೆ.

"ತಾಗಿರಬೇಕು," ಎಂದು ಅದನ್ನು ನಶ್ಯದ ಡಬ್ಬಿಯ ಮುಚ್ಚಳದಲ್ಲಿಟ್ಟರು. "ಆದ್ರ ಜೇವರ್ಗಿಗಿ ಹೋಗೂ ಮೊದಲ ಅವನ ಹತ್ತರ ನೀಲಿ ನೂಲ ಎಲ್ಲಿತ್ತೋ, ರೇವಣ್ಣ?"

ಹತ್ತಿ ಹೇರಿದ ಲಾರಿಯೊಂದು ಸಿಕ್ಕಿತು. ಜೇವರ್ಗಿಯಲ್ಲಿ ಇಳಿದು ಕರೀಮಸಾಬನ ಅಂಗಡಿಯ ಮುಂದೆ ನಿಂತಾಗ ನನಗೆ ಊರೇ ತಪ್ಪಿದಂತಾಯಿತು. ಬೇವಿನ ಗಿಡ ಇರಲಿಲ್ಲ. ನೆಲಮಟ್ಟಕ್ಕೆ ಕಡಿದ ಬೊಡ್ಡೆಯಷ್ಟೇ ಇತ್ತು. ಗೋಡೆ ಕರಿಗಟ್ಟಿತ್ತು, ಬಾಗಿಲು ಮಾತ್ರ ಹೊಸದು, ರಂದಾ ಹೊಡೆದು ನಯಮಾಡದ ಹಸಿ ಹಲಗೆಯದು. ಕಿಟಕಿಯ ಸರಳಿಗೆ ಒಂದೇ ಒಂದು ನೀಲಿ ನೂಲು ಉಳಿದಿತ್ತು.

ಬೀರಣ್ಣ ಮಗಳ ಮನೆಯಿಂದ ಬಂದು ನಿಂತ. "ಬಾಗಲ ಸುಟ್ಟಿತ್ತಲ್ರಿ," ಎಂದು ದನಿ ತಗ್ಗಿಸಿದ. "ಹಿಂದಿನ ತಿಂಗಳ ಪೀರಬಿ ನನ್ನ ಅಳಿಯನ ಕೈಲೇ ಗುಟ್ಟಾಗಿ ಇದೇ ಗಿಡ ಕಡಸಿ ಹಲಗಿ ಕೊಯ್ಸಿದಳು. ಕರೀಮಸಾಬನ ಹೆಂಡ್ತಿ. ಅಕಿ ಒಳಗ ಇರೋದು ಮಂದಿಗಿ ಗೊತ್ತಿಲ್ರಿ, ಓಡಿ ಹೋಗ್ಯಾಳ ಅಂತ ತಿಳ್ದಾರ. ಗಿಡ ಇಲ್ಲಂತ ನಾ ಸರಳಿಗಿ ಕಟ್ಟಿದೆ."

ರಾಯರು ಬಾಗಿಲ ಸಂದಿಗೆ ಬಾಗಿದರು. "ಅವ್ವಾ, ಮಾಸ್ತರ ಇಲ್ಲಿ ಬಂದಿದ್ದನೇನು?"

ಒಳಗಿನಿಂದ ಮುದುಕಿಯ ದನಿ ಬಂತು. "ಬಂದಿದ್ದ ಬೇಟಾ. ಚಾ ಕುಡ್ದ. ಕರೀಮ ಮಾಮೂ ಇಲ್ದ ಚಾಕ್ಕ ರುಚಿ ಇಲ್ಲ ಅಂದ. ಮತ್ತ ಒಂದು ಮಾತ ಕೇಳ್ದ. ಹೇಳ್ದೆ."

"ನನಗೂ ಹೇಳು."

ನಾನು ಬೊಡ್ಡೆಯ ಮೇಲೆ ಹೋಗಿ ಕೂತೆ. ಹಲಗೆಯ ಹಿಂದೆ ಅವಳು ಹೇಳಿದ್ದು ನನಗೆ ಕೇಳಲಿಲ್ಲ. ಕೊನೆಯ ಮಾತು ಮಾತ್ರ ಕೇಳಿತು: "ನನ್ನ ಹೆಸರ ತರಬ್ಯಾಡ್ರಿ. ನಾ ಇದೇ ಊರಾಗ ಸಾಯಬೇಕು."

ಉಳಿದ ನೂಲನ್ನು ಬಿಚ್ಚಿಕೊಂಡು, ಬೀರಣ್ಣನನ್ನು ಕರೆದುಕೊಂಡು ನಾವು ಮರುದಿನ ಅಫಜಲಪುರಕ್ಕೆ ಬಂದಾಗ ಜೀಪು ಬಂದು ನಿಂತಿತ್ತು. ಅಧಿಕಾರಿ ಶಾಲೆಯ ಕುರ್ಚಿಯಲ್ಲಿ ಕೂತಿದ್ದ. ಬಂದೇನವಾಜನ ಕೈಗೆ ಹಗ್ಗ ಬಿದ್ದಿತ್ತು. ಕಟ್ಟೆಯ ಸುತ್ತ ಊರೆಲ್ಲ ನಿಂತಿತ್ತು.

"ಸಾಹೇಬ್ರ, ಒಯ್ಯೂ ಮೊದಲ ಎರಡು ಮಾತ ಕೇಳ್ರಿ," ಎಂದರು ರಾಯರು. ಪಾಂಡುರಂಗನ ಕಡೆ ತಿರುಗಿದರು. "ವಕೀಲರ, ನೂಲ ಎಲ್ಲಿಂದ ತಗೊಂಡ್ರಿ?"

"ಹೇಳೇನಲ್ರಿ. ಬೇವಿನ ಟೊಂಗಿಯಿಂದ."

"ಯಾವ ಟೊಂಗಿ?"

"ರಸ್ತಾದ ಕಡೀದು. ವರ್ಷಾ ಅಲ್ಲೇ ಕಟ್ತಾರ."

"ಬೀರಣ್ಣ, ನೀ ಹೇಳಪಾ."

"ಗಿಡ ಎಲ್ಲದರಿ ಅಲ್ಲಿ?" ಎಂದ ಬೀರಣ್ಣ. "ಕಡಿದು ತಿಂಗಳಾತು. ನಾ ಕಟ್ಟಿದ್ದು ಕಿಟಕಿ ಸರಳಿಗಿ."

ಜನ ಗುಸುಗುಟ್ಟಿದರು. ಪಾಂಡುರಂಗ ತುಟಿ ಒರೆಸಿಕೊಂಡ. "ದಣಿದಿದ್ದೆ. ತಪ್ಪಿ ಅಂದಿರಬೇಕು."

"ದಣಿದ್ರ ಕಿಟಕಿ ಗಿಡ ಆಗ್ತದೇನ್ರಿ?" ರಾಯರ ದನಿ ಏರಲಿಲ್ಲ. "ನೀವು ಹೊಳಿ ದಾಟಿದ್ದು ಖರೆ. ಜೇವರ್ಗಿ ಮುಟ್ಟಿಲ್ಲ. ಜ್ವಾಳದಾಗ ಕೂತಿದ್ರಿ. ಬಂದೇನವಾಜ ಒಬ್ಬನೇ ತಿರುಗಿ ಹೋಗೋದು ನೋಡಿದ್ರಿ, ಅದಕ್ಕೇ ಅವಗ ಯಾರೂ ಎದುರಾಗಿಲ್ಲ. ಆಮ್ಯಾಲ ವ್ಯಂಕಟೇಶ ಬಂದ."

ಅವರು ಬೀರಣ್ಣ ತಂದ ನೂಲನ್ನು ಹ್ಯಾಂಡಲಿಗೆ ಸುತ್ತಿ ತೋರಿಸಿದರು. ಮೊಳದ ನೂಲು ಬಂದೇನವಾಜನ ಸೈಕಲ್ಲಿನಲ್ಲಿದ್ದಂತೆಯೇ ಮೂರು ಸುತ್ತು ಬಂದು ಜೋತಾಡಿತು. ಪಾಂಡುರಂಗನದಕ್ಕೆ ಹೋಲಲೇ ಇಲ್ಲ. "ವ್ಯಂಕಟೇಶನ ನೂಲಿನ ಒಣಗಿದ ಗಂಟು ಬಿಚ್ಚಲಿಲ್ಲ. ಗಂಟು ಕೊಯ್ದು ಬಿಸಾಕಿದ್ರಿ. ಉಳಿದ ತುಂಡು ನಿಮ್ಮ ಹ್ಯಾಂಡಲಿಗಿ ಬಂತು. ಎಳಿಯೊಂದು ಅವನ ಸೈಕಲ್ ಗಂಟಿ ಬುಡದಾಗ ಉಳೀತು, ನೋಡ್ರಿ. ಸೈಕಲ್ಲಿನ ಮುಖ ಜೇವರ್ಗಿ ಕಡಿ ತಿರುವಿಟ್ರಿ. ಒಂದೇ ನೂಲಿನಿಂದ ನೀವು ಜೇವರ್ಗಿಗಿ ಹೋದಂಗಾತು, ಅಂವ ಹೋಗದಂಗಾತು."

"ನನಗೂ ಅವಗೂ ಏನು ಹಗಿ?" ಪಾಂಡುರಂಗ ಕೂಗಿದ. "ಕಟ್ಟುಕತಿ!"

"ಮೊನ್ನಿ ಇದೇ ಕಟ್ಟಿ ಮ್ಯಾಲ ಕೂತು, ಈ ಸಲ ಜೇವರ್ಗಿಯೊಳಗ ಕರೀಮಸಾಬನ ವಿಷಯ ಕೇಳೇ ಬರ್ತೇನಿ ಅಂದಿದ್ದ ವ್ಯಂಕಟೇಶ. ನಾವೆಲ್ಲ ಕೇಳಿವಿ. ಆ ದಿನ ಮಂದಿ ಮುಂದ ನಿಂತು ಅಂಗಡಿ ತೋರಿಸಿದವರು ಯಾರಂತ ಅವಗ ಅಲ್ಲಿ ಗೊತ್ತಾತು."

"ಆ ಮುದುಕಿ ಮಾತು ಕಟ್ಕೊಂಡು—"

ಪಾಂಡುರಂಗನ ಮಾತು ಅಲ್ಲಿಗೇ ನಿಂತಿತು. ರಾಯರು ಕಣ್ಣು ಮುಚ್ಚಿದರು. ಯಾರ ಸುದ್ದಿ ತರುವುದಿಲ್ಲವೆಂದು ಮಾತು ಕೊಟ್ಟಿದ್ದರೋ ಅವಳ ಸುದ್ದಿ ಬೇರೆಯವನ ಬಾಯಿಂದ ಬಂದಿತ್ತು.

"ನಾ ಮುದುಕಿ ಅನ್ನಲಿಲ್ಲ," ಎಂದರು ಮೆಲ್ಲಗೆ. "ಅಕಿ ಇನ್ನೂ ಅಲ್ಲೇ ಅದಾಳಂತ ಯಾರಿಗೂ ಗೊತ್ತಿಲ್ಲ. ನಿಮಗ ಹೇಳಿದಂವ ವ್ಯಂಕಟೇಶ ಒಬ್ಬನೇ. ಅದೇ ಹೊಲದ ದಂಡಿಗಿ. ಅಂದ್ರ ಎಲ್ಲಾ ಗೊತ್ತಿದ್ದು, ನಿಮ್ಮ ಮುಖಕ್ಕ ಹೇಳಿ, ಆಮ್ಯಾಲೂ ಇಳಿದು ನಿಮ್ಮ ಚೈನು ಏರಿಸಾಕ ಬಗ್ಗಿದ. ನೀವು ಬೇಕಂತಲೇ ಬೀಳಿಸಿದ ಚೈನು. ಅವನ ಬೆರಳಿನಾಗ ಇನ್ನೂ ಕರಿ ಅದ. ಮಂಡಳಿ ನೇಮ ಬರೆದವರೂ ನೀವೇ ಅಲ್ರೀ ಅಧ್ಯಕ್ಷರ?"

ಜೀಪಿನವರು ಬಂದೇನವಾಜನ ಹಗ್ಗ ಬಿಚ್ಚಿ ಪಾಂಡುರಂಗನ ಕೈಗೆ ಕಟ್ಟಿದರು. ಅವನು ನಮ್ಮತ್ತ ನೋಡಿ, "ಅವತ್ತು ಅಂಗಡಿ ಸುಟ್ಟಾಗ ನೀವೆಲ್ಲಾ ಮನಿಯೊಳಗ ಕುಂತು ಖುಷಿ ಪಟ್ಟೀರಿ," ಎಂದ. ಯಾರೂ ಇಲ್ಲ ಎನ್ನಲಿಲ್ಲ.

ಅಧಿಕಾರಿ ವ್ಯಂಕಟೇಶನ ಖೂನಿಯನ್ನು ಬರೆದುಕೊಂಡ. "ಇನ್ನೊಂದು ಅದರಿ, ಕರೀಮಸಾಬಂದು," ಎಂದರು ರಾಯರು. ಅವನು ಪೆನ್ನಿನ ಟೋಪಿ ಹಾಕುತ್ತ, "ಅದು ಗದ್ದಲದ ದಿನದ್ದು, ಬಿಡ್ರಿ," ಎಂದ. ಜೀಪು ಹೋಯಿತು. ಜನ ಚದುರಿದರು. ಹಿಂದಿನ ದಿನ ಕೊರಳಪಟ್ಟಿ ಹಿಡಿದವನು ಬಂದೇನವಾಜನ ಪಕ್ಕದಲ್ಲೇ ಬೀಡಿ ಹಚ್ಚಿಕೊಂಡು ಹೋದ.

ಬಂದೇನವಾಜ ಮಣಿಕಟ್ಟು ತಿಕ್ಕಿಕೊಳ್ಳುತ್ತ ರಾಯರ ಮುಂದೆ ಬಂದು ನಿಂತ. ಕೈ ಮುಗಿಯುತ್ತಾನೆಂದುಕೊಂಡೆ. ಮುಗಿಯಲಿಲ್ಲ.

"ಕಾಕಾ, ಒಂದು ಕೇಳ್ತೇನಿ," ಎಂದ. "ಹನ್ನೊಂದು ವರ್ಷ ಸೈಕಲ್ ಹೊಡಕೊಂಡು ಈ ಊರಿಗಿ ಬಂದೇನಿ. ಈ ರೇವಣ್ಣನವರ ಮಕ್ಕಳ ಅಂಗಿ ಹೊಲದೇನಿ. ನನ್ನ ಮಾತು ಒಬ್ಬರೂ ನಂಬಲಿಲ್ಲ. ನೀವೂ ಹೋಗಿ ಗಿಡಾ ನೋಡಿ ಬಂದ್ರಿ. ಆ ಗಿಡಾ ಕಡಿದಿರಲಿಲ್ಲಂದ್ರ?"

ಅದಾಲತ್ತಿನಲ್ಲಿ ಮುದುಕರಾದ ರಾಯರು ನಶ್ಯದ ಡಬ್ಬಿ ತೆಗೆದರು. ಮುಚ್ಚಳದಲ್ಲಿ ನೀಲಿ ಎಳೆ ಕಂಡು ಮತ್ತೆ ಮುಚ್ಚಿದರು.

ಬಂದೇನವಾಜ ಆಳಂದದ ದಾರಿ ಹಿಡಿದ. ಮೂರನೆಯ ದಿನದ ಹೊತ್ತು ಮೀರಿತ್ತು, ಸವಾರಿ ಮುಗಿಸಿದವನನ್ನು ಎದುರುಗೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಊರ ಹೊರಗೆ ಅವನ ಸೈಕಲ್ಲು ತಟ್ಟನೆ ನಿಂತಿತು. ಇಳಿದು ಚೈನು ಡಬ್ಬಿಯ ಮುಚ್ಚಳ ತೆಗೆಯುವುದು ಕಂಡಿತು. ನಾನು ನೇಮದಂತೆ ಅವನತ್ತ ಓಡಿದೆ. ನನ್ನ ಹೆಜ್ಜೆಯ ಸಪ್ಪಳ ಕೇಳಿ ಅವನು ಬೆಚ್ಚಿ ಎದ್ದು, ಸೈಕಲ್ಲನ್ನು ನಮ್ಮಿಬ್ಬರ ನಡುವೆ ಅಡ್ಡ ಹಿಡಿದು ನಿಂತ.

"ಅಲ್ಲೇ ಇರ್ರಿ ಅಣ್ಣಾ," ಎಂದ. "ನಾನೇ ಹಾಕ್ಕೋತೇನಿ."